ಹಿತ್ತಿಲಿಗೆ ಬಂದ ಫೈರ್‌ಪಿಟ್, ಹಿತ್ತಿಲಲ್ಲೇ ಉಳಿದ ಹಂಡೆ ಒಲೆ

ನೆಲಮಂಗಲ ದಾಟಿ ಕುಣಿಗಲ್ ಕಡೆಗೆ ಹೊರಳುವ ಹೆದ್ದಾರಿಯ ಆಚೀಚಿನ ತೋಟಗಳಲ್ಲಿ ಈಗ ತೆಂಗು, ಅಡಿಕೆ, ಮಾವಿನ ಜೊತೆಗೆ ಹೊಸ ಬೆಳೆಯೊಂದು ಎದ್ದಿದೆ: ವಾರಾಂತ್ಯದ ಮನೆ. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರಿನ ಆಸುಪಾಸು, ಶುಕ್ರವಾರ ಸಂಜೆ ಹೊರಟರೆ ಕತ್ತಲಾಗುವಷ್ಟರಲ್ಲಿ ತಲುಪಬಹುದು. ಅವುಗಳ ಜಾಹೀರಾತುಗಳನ್ನು ಓದಿ ನೋಡಿ. ಈಜುಕೊಳ ಇರಲಿ ಬಿಡಲಿ, ಎರಡು ಪದ ಮಾತ್ರ ತಪ್ಪುವುದಿಲ್ಲ: ಕ್ಯಾಂಪ್‌ಫೈರ್, ಬಾರ್ಬೆಕ್ಯೂ. ತುಮಕೂರು ನಗರದ ಹೊಸ ಬಡಾವಣೆಗಳಿಗೂ ಈ ಗಾಳಿ ತಾಗಿದೆ. ಮನೆ ಕಟ್ಟಿಸುವವರು ಎಂಜಿನಿಯರ್ ಮುಂದೆ ಮೊಬೈಲ್ ಹಿಡಿದು, ಹಿಂದಿನ ಜಾಗದಲ್ಲಿ ಇಂಥದೊಂದು ಬೇಕು ಎಂದು ಚಿತ್ರ ತೋರಿಸುತ್ತಾರೆ. ಚಿತ್ರದಲ್ಲಿ ಕಲ್ಲಿನ ದುಂಡು ಗುಂಡಿ, ಅದರಲ್ಲಿ ಉರಿ, ಸುತ್ತ ಕುರ್ಚಿಗಳು, ಪಕ್ಕದಲ್ಲಿ ಗ್ರಾನೈಟ್ ಹಾಸಿನ ಅಡುಗೆ ಕಟ್ಟೆ. ಇದಕ್ಕೆ ಔಟ್‌ಡೋರ್ ಕಿಚನ್ ಎಂದು ಹೆಸರು.

ಹೊರಗಡೆ ಬೆಂಕಿ ಹಾಕಿ ಅಡುಗೆ ಮಾಡುವುದನ್ನು ತುಮಕೂರು ಜಿಲ್ಲೆಗೆ ಯಾರಾದರೂ ಬಂದು ಕಲಿಸಬೇಕೇ? ಗುಬ್ಬಿಯ ಯಾವುದೇ ಹಳ್ಳಿಯಲ್ಲಿ ಬೆಳಗಿನ ಜಾವ ಐದಕ್ಕೆ ನಿಂತು ನೋಡಿದರೆ ಮನೆಮನೆಯ ಹಿತ್ತಿಲಿಂದ ಹೊಗೆ ಏಳುತ್ತಿರುತ್ತದೆ. ಅಲ್ಲಿ ಹಂಡೆ ಒಲೆ ಇದೆ, ಮುದ್ದೆ ಬೇಯಿಸುವ ಮೂರು ಕಲ್ಲಿನ ಒಲೆ ಇದೆ, ದನಕ್ಕೆ ಹುರುಳಿ ಬೇಯಿಸುವ ಒಲೆಯೂ ಕೆಲವೆಡೆ ಇದೆ. ಇವನ್ನು ಔಟ್‌ಡೋರ್ ಕಿಚನ್ ಎಂದು ಯಾರೂ ಕರೆದಿಲ್ಲ. ಹಾಗೆ ಕರೆಯಬೇಕೆಂಬ ಹಟವೂ ನನಗಿಲ್ಲ. ಒಂದೇ ಹಿತ್ತಿಲಿನ ಒಂದು ಬೆಂಕಿಗೆ ಗ್ರಾನೈಟ್, ದೀಪ, ಫೋಟೊ ಎಲ್ಲ ದಕ್ಕಿ, ಇನ್ನೊಂದು ಬೆಂಕಿಗೆ ಒಂದು ಹೊಗೆ ಕೊಳವೆಯೂ ದಕ್ಕದೆ ಹೋಗಿದ್ದು ಹೇಗೆ ಎಂಬುದು ನನ್ನ ತಕರಾರು.

ಮೊದಲು ಹಂಡೆ ಒಲೆಯ ಲೆಕ್ಕ ನೋಡೋಣ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಸ್ನಾನದ ನೀರು ಸೌದೆಯಲ್ಲೇ ಕಾಯುತ್ತದೆ. ಇದಕ್ಕೆ ಕಾರಣ ಸರಳ. ತೆಂಗಿನ ಮರ ಇರುವ ಮನೆಗೆ ಸೋಗೆ ಪುಕ್ಕಟೆ, ಮಟ್ಟೆ ಪುಕ್ಕಟೆ, ಸಿಲಿಂಡರ್ ಪುಕ್ಕಟೆಯಲ್ಲ. ಆರು ಜನರ ಮನೆಗೆ ಎರಡು ಹಂಡೆ ನೀರು ಕಾಯಿಸಲು 14.2 ಕೆಜಿ ಸಿಲಿಂಡರ್ ಹಚ್ಚಿಕೊಂಡು ಕೂತರೆ ಅದು ಎಷ್ಟು ದಿನ ಬಂದೀತು? ಹಾಗಾಗಿ ಪುಳ್ಳೆ ಆಯುವುದು, ಸೋಗೆ ಸೀಳಿ ಕಟ್ಟು ಕಟ್ಟುವುದು, ಮಳೆಗಾಲಕ್ಕೆ ಮುಂಚೆ ಸೌದೆಯನ್ನು ನೆನೆಯದ ಕಡೆ ಒಟ್ಟುವುದು, ಬೆಳಗ್ಗೆ ಬೂದಿ ಬಳಿಯುವುದು, ಹೊತ್ತಿಸುವುದು, ಆರದಂತೆ ನೋಡಿಕೊಳ್ಳುವುದು, ತಳಕ್ಕೆ ಹತ್ತಿದ ಮಸಿ ತಿಕ್ಕುವುದು, ಇಷ್ಟೂ ನಡೆಯುತ್ತಲೇ ಇದೆ. ಇದರಲ್ಲಿ ಬಹುಪಾಲು ಕೆಲಸ ಹೆಣ್ಣುಮಕ್ಕಳದ್ದು. ತೆಂಗಿನ ಚಿಪ್ಪು ಚೆನ್ನಾಗಿ ಉರಿಯುತ್ತದೆ, ಆದರೆ ಅದಕ್ಕೀಗ ಪೇಟೆಯಲ್ಲಿ ಬೆಲೆ ಇದೆ. ಇದ್ದಿಲು ಮಾಡುವವರು ಕೊಳ್ಳುತ್ತಾರೆ. ಒಳ್ಳೆಯ ಉರುವಲು ಮಾರಾಟಕ್ಕೆ ಹೋಗಿ ಹಿತ್ತಿಲಿಗೆ ಹಸಿ ಪುಳ್ಳೆ, ಸೋಗೆ, ಹೊತ್ತಿಸಲು ಒಂದು ಪ್ಲಾಸ್ಟಿಕ್ ಕವರ್ ಉಳಿಯುತ್ತವೆ. ಬಾರ್ಬೆಕ್ಯೂ ಮಾಡುವವರು ಪ್ಯಾಕೆಟ್ಟಿನಲ್ಲಿ ತರುವುದೂ ಇದ್ದಿಲನ್ನೇ.

ಎರಡು ಬೆಂಕಿಗಳ ನಡುವೆ ಉರಿಯ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಅದರ ಮುಂದೆ ಕೂತವರಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇದೆಯೋ ಇಲ್ಲವೋ ಎಂಬುದರಲ್ಲಿ ವ್ಯತ್ಯಾಸವಿದೆ. ಫೈರ್‌ಪಿಟ್ಟಿನ ಹೊಗೆ ಇತ್ತ ತಿರುಗಿದರೆ ಕುರ್ಚಿ ಅತ್ತ ಎಳೆದುಕೊಳ್ಳಬಹುದು. ಬೇಸರವಾದರೆ ಒಳಗೆ ಹೋಗಿ ಮಲಗಬಹುದು. ಹಂಡೆ ಒಲೆಯ ಮುಂದಿರುವವಳು ಹೊಗೆ ಎತ್ತ ತಿರುಗಿದರೂ ಅಲ್ಲೇ ಇರಬೇಕು, ಏಕೆಂದರೆ ಮಗುವಿಗೆ ಎಂಟಕ್ಕೆ ಸ್ಕೂಲ್ ಬಸ್ಸು. ಮುದ್ದೆ ಮಾಡುವವಳ ಪಾಡು ಇನ್ನೂ ಬಿಗಿ. ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದು, ಕೋಲಿನಿಂದ ಹಿಟ್ಟು ತೊಳೆಸುವಾಗ ಮುಖ ಪಾತ್ರೆಯ ಮೇಲೇ ಇರಬೇಕು. ಎಡಕ್ಕೂ ಬಲಕ್ಕೂ ಸರಿಯುವ ಹಾಗಿಲ್ಲ, ಸರಿದರೆ ಗಂಟು.

ಗಂಡಸರು ವಾರಕ್ಕೊಮ್ಮೆ ಬೆಂಕಿಯ ಮುಂದೆ ನಿಂತು ಮಾಂಸ ಸುಡುವುದನ್ನು ನಾನು ಗೇಲಿ ಮಾಡುವುದಿಲ್ಲ. ಅವರು ನಿಲ್ಲಲಿ. ಆದರೆ ಆ ಸಂಜೆಯನ್ನು ಒಮ್ಮೆ ಬಿಡಿಸಿ ನೋಡಬೇಕು. ಮಾಂಸ ತೊಳೆದವರು ಯಾರು, ಮಸಾಲೆ ಅರೆದವರು ಯಾರು, ಈರುಳ್ಳಿ ಹೆಚ್ಚಿದವರು ಯಾರು, ಮರುದಿನ ಜಿಡ್ಡು ಹಿಡಿದ ಜಾಲರಿ ಉಜ್ಜಿದವರು ಯಾರು? ಬೆಂಕಿಯ ಮುಂದೆ ನಿಂತು ಕೆಂಡಕ್ಕೆ ಗಾಳಿ ಹಾಕುವ ಇಪ್ಪತ್ತು ನಿಮಿಷ ಅಡುಗೆಯ ಅತಿ ಸಣ್ಣ ಭಾಗ, ಆದರೆ ಕಾಣುವ ಭಾಗ. ಹೊಗಳಿಕೆಯೆಲ್ಲ ಆ ಇಪ್ಪತ್ತು ನಿಮಿಷಕ್ಕೇ ಸಲ್ಲುತ್ತದೆ.

ಈ ಹೊಗಳಿಕೆಯಲ್ಲಿ ನಮ್ಮ ಸಾಹಿತ್ಯಕ್ಕೂ ಪಾಲಿದೆ. ಸೌದೆ ಒಲೆಯ ಸಾರಿನ ರುಚಿ, ಕೆಂಡದಲ್ಲಿ ಸುಟ್ಟ ರೊಟ್ಟಿಯ ಘಮ, ಬಚ್ಚಲೊಲೆಯ ಮುಂದೆ ಮೈ ಕಾಯಿಸಿಕೊಂಡ ಬಾಲ್ಯ ಕನ್ನಡದ ಲಲಿತ ಪ್ರಬಂಧಗಳಲ್ಲಿ ಎಷ್ಟು ಸಲ ಬಂದು ಹೋಗಿವೆಯೋ ಲೆಕ್ಕವಿಲ್ಲ. ಬಹುಪಾಲು ಇವನ್ನು ಬರೆದವರು ಒಲೆಯ ಮುಂದೆ ಮೈ ಕಾಯಿಸಿಕೊಂಡವರು. ಊದುಗೊಳವೆ ಹಿಡಿದವರು ಬರೆದದ್ದು ಕಡಿಮೆ. ಹೊಗೆಯ ರುಚಿಯನ್ನು ನೆನೆದು ಕಣ್ಣಲ್ಲಿ ನೀರು ತಂದುಕೊಳ್ಳುವ ಲೇಖಕರಿಗೂ, ಹೊಗೆಯಿಂದಲೇ ಕಣ್ಣಲ್ಲಿ ನೀರು ಬರಿಸಿಕೊಂಡವರಿಗೂ ನಡುವೆ ಒಂದು ಗೋಡೆ ಇತ್ತು, ಅದು ಅಡುಗೆಮನೆಯ ಗೋಡೆ. ಇಂದಿನ ಜಾಹೀರಾತು ಬರೆಯುವವರು ಆ ಪ್ರಬಂಧಗಳಿಂದಲೇ ಶಬ್ದ ಎತ್ತಿಕೊಂಡಿದ್ದಾರೆ: ಮಣ್ಣಿನ ಸೊಗಡು, ಅಜ್ಜಿಯ ಕೈರುಚಿ, ಸೌದೆ ಒಲೆಯ ಊಟ. ಅಜ್ಜಿಯ ಕೆಮ್ಮು ಮಾತ್ರ ಆ ಪಟ್ಟಿಯಲ್ಲಿಲ್ಲ.

ನನ್ನ ಸಂಶೋಧನೆ ಹೆಣ್ಣುಮಕ್ಕಳ ದುಡಿಮೆಯ ಹಾಡುಗಳ ಮೇಲೆ. ಬೀಸುವಾಗಿನ ಪದ ಇದೆ, ಕುಟ್ಟುವಾಗಿನ ಪದ ಇದೆ, ನಾಟಿಯ ಪದ ಇದೆ. ಒಲೆ ಉರಿಸುವಾಗ ಹಾಡುವ ಪದವೆಂದೇ ಬೇರೆಯಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಗುಬ್ಬಿ ಕಡೆಯ ಹಳ್ಳಿಯೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಕೇಳಿದೆ: ‘ಅಜ್ಜಿ, ಒಲೆ ಮುಂದೆ ಹಾಡು ಹೇಳ್ತಿರಲಿಲ್ಲವಾ?’ ಅವರು ನನ್ನನ್ನು ಕನಿಕರದಿಂದ ನೋಡಿ, ‘ಹೊಗೇಲಿ ಬಾಯಿ ಬಿಟ್ರೆ ಹಾಡು ಎಲ್ಲಿ ಬತ್ತದವ್ವ, ಕೆಮ್ಮು ಬತ್ತದೆ’ ಅಂದರು. ನಾನು ಓದಿದ ಯಾವ ಪ್ರಬಂಧದಲ್ಲೂ ಸೌದೆ ಒಲೆಯ ಬಗ್ಗೆ ಇಷ್ಟು ನೇರವಾದ ವಾಕ್ಯ ಸಿಕ್ಕಿಲ್ಲ.

ಉರುವಲಿನ ದುಡಿಮೆಯನ್ನು ಗೌರವಿಸುವುದು ಕನ್ನಡಕ್ಕೆ ಹೊಸದಲ್ಲ. ವಚನಕಾರರಲ್ಲಿ ಮೋಳಿಗೆ ಮಾರಯ್ಯ ಇದ್ದಾರೆ. ಮೋಳಿಗೆ ಎಂದರೆ ಸೌದೆಯ ಹೊರೆ. ಕಾಡಿನಿಂದ ಸೌದೆ ತಂದು ಮಾರುವುದು ಅವರ ಕಾಯಕ, ಆ ಹೊರೆಯೇ ಅವರ ಹೆಸರಿಗೆ ಅಂಟಿ ಉಳಿಯಿತು. ನಮ್ಮ ಮಾತಿನಲ್ಲೂ ಒಲೆಗೆ ದೊಡ್ಡ ಸ್ಥಾನವಿದೆ. ಹಸಿವನ್ನು ‘ಅವರ ಮನೇಲಿ ಒಲೆ ಹತ್ತಿಲ್ಲ’ ಎನ್ನುತ್ತೇವೆ, ಮನೆ ಭಾಗವಾದರೆ ‘ಬೇರೆ ಒಲೆ ಹೂಡಿದರು’ ಎನ್ನುತ್ತೇವೆ. ಸಿದ್ಧಗಂಗೆ ಮಠದ ಒಲೆ ಆರುವುದೇ ಇಲ್ಲ ಎಂಬ ಮಾತನ್ನು ತುಮಕೂರಿನ ಜನ ಹೆಮ್ಮೆಯಿಂದ ಹೇಳುತ್ತಾರೆ. ಒಲೆಗೆ ಇಷ್ಟು ಮರ್ಯಾದೆ ಕೊಟ್ಟ ನಾಡು ಅದನ್ನು ಉರಿಸುವವರ ಶ್ವಾಸಕೋಶಕ್ಕೆ ಏನು ಕೊಟ್ಟಿತು ಎಂದು ಕೇಳುವುದು ಸಂಸ್ಕೃತಿಗೆ ಮಾಡುವ ಅವಮಾನವೇನೂ ಆಗುವುದಿಲ್ಲ.

ಕೊಡಬೇಕೆಂದು ಹೊರಟವರೂ ಇದ್ದರು, ಅದೂ ಇದೇ ಕುಣಿಗಲ್ ತಾಲ್ಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಯ ಕೆಲಸಕ್ಕೆ ಬರುವ ವಿಜ್ಞಾನ ಅದರ ಗುರಿ. ಅದರ ವಿಸ್ತರಣಾ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿತ್ತು. ಅವರು ಮಾಡಿದ ಮೊದಲ ಕೆಲಸಗಳಲ್ಲೊಂದು ಎಣಿಸುವುದು. ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ, ಅದು ಎಲ್ಲಿಂದ ಬರುತ್ತದೆ ಎಂದು ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಆರರಲ್ಲಿ ಪುರ ಎಂಬ ಹಳ್ಳಿಯ ಲೆಕ್ಕ ಜಗತ್ತಿನ ಶಕ್ತಿ ಸಂಶೋಧನೆಯಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಯಿತು. ಉತ್ತರ ಸ್ಪಷ್ಟವಿತ್ತು: ಹಳ್ಳಿಯನ್ನು ನಡೆಸುವ ಶಕ್ತಿಯಲ್ಲಿ ಸಿಂಹಪಾಲು ಸೌದೆಯದು. ಆ ಸೌದೆ ಬಹುಪಾಲು ಅಡುಗೆಗೆ, ಅದರ ನಂತರ ಸ್ನಾನದ ನೀರಿಗೆ. ಅದನ್ನು ಹೊತ್ತು ತರುವ, ಉರಿಸುವ ದುಡಿಮೆಯಲ್ಲಿ ಹೆಂಗಸರ, ಮಕ್ಕಳ ಪಾಲು ದೊಡ್ಡದು.

ಆ ಎಣಿಕೆಯ ಬೆನ್ನಿಗೇ ಅಸ್ತ್ರ ಒಲೆ ಬಂತು. ಅದರ ತತ್ವ ಕಷ್ಟದ್ದಲ್ಲ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಸರಿಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ, ಉಳಿದದ್ದು ಗಾಳಿಗೆ. ಅಸ್ತ್ರ ಒಲೆಯಲ್ಲಿ ಸೌದೆ ಮುಚ್ಚಿದ ಗೂಡಿನೊಳಗೆ ಜಾಲರಿಯ ಮೇಲೆ ಉರಿಯುತ್ತದೆ. ಗಾಳಿ ಜಾಲರಿಯ ಅಡಿಯಿಂದ ಬರುತ್ತದೆ, ಆದ್ದರಿಂದ ಉರಿ ಚೊಕ್ಕವಾಗುತ್ತದೆ. ಮೊದಲ ಪಾತ್ರೆಗೆ ತಾಗಿದ ಬಿಸಿ ಹಾಗೇ ಹೊರಗೆ ಹೋಗದೆ ಎರಡನೆಯ, ಮೂರನೆಯ ಪಾತ್ರೆಯ ತಳ ಸವರಿಕೊಂಡು, ಕೊನೆಗೆ ಹೊಗೆ ಕೊಳವೆಯಿಂದ ಸೂರಿನ ಮೇಲಕ್ಕೆ ಹೋಗುತ್ತದೆ. ಸೌದೆ ಉಳಿಯುತ್ತದೆ, ಮುಖಕ್ಕೆ ಹೊಗೆ ಬಡಿಯುವುದಿಲ್ಲ. ಮಣ್ಣು, ಇಟ್ಟಿಗೆ, ಜಾಲರಿ, ಕೊಳವೆ, ಅಳತೆ ಗೊತ್ತಿರುವ ಒಬ್ಬ ಕಟ್ಟುವವರು, ಇಷ್ಟೇ ಬೇಕು. ಇದೇ ತತ್ವ ಹಂಡೆ ಒಲೆಗೂ ಹೊಂದುತ್ತದೆ.

ಅದು ಎಲ್ಲ ಹಿತ್ತಿಲುಗಳನ್ನೂ ಏಕೆ ತಲುಪಲಿಲ್ಲ? ಅಳತೆ ತಪ್ಪಿದರೆ ಒಲೆ ಎಳೆಯುವುದಿಲ್ಲ, ಕೊಳವೆಯ ಮಸಿ ಆಗಾಗ ತೆಗೆಯಬೇಕು, ಸೌದೆಯನ್ನು ಚಿಕ್ಕದಾಗಿ ಸೀಳಬೇಕು, ಪಾತ್ರೆ ಕಣ್ಣಿಗೆ ಸರಿಯಾಗಿ ಕೂರಬೇಕು. ಸುಧಾರಿತ ಒಲೆಗಳಿಗೆಲ್ಲ ಇದ್ದ ತೊಡಕುಗಳು ಇವು. ಇವನ್ನು ನೀಗಲು ಊರೂರಿಗೆ ತಿರುಗುವ ಕೆಲಸಗಾರರು ಬೇಕಿತ್ತು, ವರ್ಷವರ್ಷ ದುಡ್ಡು ಬೇಕಿತ್ತು. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಮುಗಿದುಹೋಯಿತು. ಕಟ್ಟಿದ ಒಲೆಗಳ ಸಂಖ್ಯೆ ಬರೆದಿಡುವ ಉತ್ಸಾಹ, ಕಟ್ಟಿದ್ದು ಮೂರು ವರ್ಷದ ಮೇಲೂ ಉರಿಯುತ್ತಿದೆಯೇ ಎಂದು ನೋಡುವುದರಲ್ಲಿ ಇರಲಿಲ್ಲ. ಹಳ್ಳಿಯ ಹೆಂಗಸರಿಗೆ ಹೊಸದನ್ನು ಒಪ್ಪಿಕೊಳ್ಳುವ ಬುದ್ಧಿಯಿಲ್ಲ ಎಂಬ ಮಾತನ್ನು ಮಾತ್ರ ಈಗಲೂ ಕೇಳುತ್ತೇವೆ. ಮಿಕ್ಸಿ ಒಪ್ಪಿಕೊಂಡರು, ಬೋರ್‌ವೆಲ್ ಮೋಟರಿನ ಸ್ವಿಚ್ ಒಪ್ಪಿಕೊಂಡರು, ಮೊಬೈಲ್ ಒಪ್ಪಿಕೊಂಡರು. ಕೆಟ್ಟಾಗ ರಿಪೇರಿಗೆ ಜನ ಸಿಗುವ ಎಲ್ಲವನ್ನೂ ಒಪ್ಪಿಕೊಂಡರು. ಒಲೆ ಕೆಟ್ಟಾಗ ಮಾತ್ರ ಯಾರೂ ಬರಲಿಲ್ಲ.

ಆಮೇಲೆ ಗ್ಯಾಸ್ ಬಂತು. 2016ರ ಮೇ 1ರಂದು ಉಜ್ವಲ ಯೋಜನೆ ಆರಂಭವಾದ ಮೇಲೆ ಬಡವರ ಮನೆಗಳಿಗೂ ಸಿಲಿಂಡರ್ ಬಂದದ್ದು ನಿಜವಾದ ಬದಲಾವಣೆ. ಅದನ್ನು ಅಲ್ಲಗಳೆಯುವವರು ಸೌದೆ ಹೊತ್ತವರಲ್ಲ. ಆದರೆ ಸಂಪರ್ಕ ಕೊಟ್ಟದ್ದು ಒಂದು ಲೆಕ್ಕ, ತುಂಬಿಸಿಕೊಂಡದ್ದು ಇನ್ನೊಂದು ಲೆಕ್ಕ. ಗ್ಯಾಸ್ ಬಂದ ಮನೆಯಲ್ಲಿ ಸೌದೆ ಒಲೆ ಅಡುಗೆಮನೆ ಬಿಟ್ಟು ಹಿತ್ತಿಲಿಗೆ ಸರಿಯಿತು. ಅಲ್ಲಿಗೆ ಅದು ಕಣ್ಮರೆಯಾಯಿತು. ಮನೆಗೆ ಬಂದವರಿಗೆ ಕಾಣುವುದು ಮುಂದಿನ ಗ್ಯಾಸ್ ಸ್ಟವ್. ‘ನಿಮ್ಮಲ್ಲಿ ಗ್ಯಾಸ್ ಇದೆಯಾ?’ ಎಂದರೆ ‘ಇದೆ’ ಎಂಬ ಉತ್ತರವೂ ಸತ್ಯವೇ. ಕಾಫಿ, ಸಾರು ಗ್ಯಾಸಿನಲ್ಲಿ. ಮುದ್ದೆ, ನೀರು, ಹುರುಳಿ, ಹಬ್ಬದ ಅಡುಗೆ ಹಿತ್ತಿಲಲ್ಲಿ. ಕಾಗದದ ಮೇಲೆ ಹೊಗೆ ಮುಗಿದಿದೆ, ಹಿತ್ತಿಲಲ್ಲಿ ಮುಗಿದಿಲ್ಲ.

ಹೊರಗಡೆ ತಾನೇ, ಹೊಗೆ ಗಾಳಿಗೆ ಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಮುಚ್ಚಿದ ಅಡುಗೆಮನೆಗಿಂತ ಹಿತ್ತಿಲು ವಾಸಿ, ಒಪ್ಪೋಣ. ಆದರೆ ಹಂಡೆ ಒಲೆ ಬಹುಮಟ್ಟಿಗೆ ಇರುವುದು ಶೀಟು ಹೊದಿಸಿದ ಬಚ್ಚಲ ಮೂಲೆಯಲ್ಲಿ, ಮೂರು ಕಡೆ ಗೋಡೆ. ಊದುಗೊಳವೆಗೆ ಬಾಯಿಟ್ಟವರ ಮುಖಕ್ಕೂ ಉರಿಗೂ ಒಂದು ಮೊಳ ದೂರ. ಆ ದೂರದಲ್ಲಿ ತೋಟದ ಗಾಳಿ ಎಷ್ಟು ಶುದ್ಧವಾಗಿದ್ದರೇನು? ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ, ಅದರಲ್ಲಿ ಐದು ವರ್ಷ ತುಂಬದ ಮಕ್ಕಳೇ ಎರಡು ಲಕ್ಷ ಮೀರಿದ್ದಾರೆ. ಇಷ್ಟು ಜನರನ್ನು ಕೊಂದ ಹೊಗೆಯನ್ನು ‘ಫ್ಲೇವರ್’ ಎಂದು ಮಾರಬೇಕಾದರೆ ಗುಂಡಿಗೆ ಗಟ್ಟಿಯಿರಬೇಕು.

ಹಿತ್ತಿಲಿನ ಒಲೆಗೆ ಜಾತಿಯ ವಾಸನೆಯೂ ಇದೆ. ತುಮಕೂರಿನ ಎಷ್ಟೋ ಮನೆಗಳಲ್ಲಿ ಬಾಡು ಬೇಯುವುದು ಹೊರಗಿನ ಒಲೆಯಲ್ಲಿ. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು. ಒಳಗೆ ದೇವರಿದ್ದಾನೆ ಎಂಬುದು ಕಾರಣ. ನಗರದಲ್ಲಿ ಬಾಡಿಗೆ ಮನೆ ಹುಡುಕಿದ ವಿದ್ಯಾರ್ಥಿಗಳಿಗೆ ‘ವೆಜ್ ಅವರಿಗೆ ಮಾತ್ರ’ ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೆಂದು ಜನ ಕೇಳಿದಾಗ ಎಷ್ಟು ಗಲಾಟೆಯಾಯಿತು ಎಂಬುದು ಈ ಪತ್ರಿಕೆ ಓದುವವರಿಗೆ ನೆನಪಿರಬಹುದು. ಅದೇ ಮಾಂಸ ಕಬ್ಬಿಣದ ಸರಳಿಗೆ ಸಿಕ್ಕಿಸಿಕೊಂಡು, ಬಾರ್ಬೆಕ್ಯೂ ಎಂಬ ಹೆಸರು ಹೊತ್ತು ಬಂದರೆ ಯಾರಿಗೂ ಮೈಲಿಗೆಯಾಗುವುದಿಲ್ಲ. ಹೊರಗಿಟ್ಟ ಒಲೆ ಅವಮಾನ, ಹೊರಗೆ ಕಟ್ಟಿಸಿದ ಒಲೆ ಅಂತಸ್ತು. ಎರಡರಲ್ಲೂ ಬೇಯುವುದು ಅದೇ ಕುರಿ.

ಇನ್ನು ಕೂಲಿಯ ಬೆಂಕಿ. ಅಡಿಕೆಯ ಸುಗ್ಗಿಯಲ್ಲಿ ಗುಬ್ಬಿ ಕಡೆಯ ಕಣಗಳಲ್ಲಿ ಹಸಿ ಅಡಿಕೆ ಸುಲಿದು, ದೊಡ್ಡ ಹಂಡೆಗಳಲ್ಲಿ ಚೊಗರಿನೊಂದಿಗೆ ಬೇಯಿಸುತ್ತಾರೆ. ಗಂಟೆಗಟ್ಟಲೆ ಉರಿ ಹಾಕುತ್ತಲೇ ಇರಬೇಕು. ಆ ಉರಿಯ ಮುಂದೆ ನಿಲ್ಲುವವರು ಚೇಣಿದಾರರ ಕೂಲಿಯಾಳುಗಳು. ಅಡಿಕೆಯ ಧಾರಣೆ ದಿನವೂ ಪತ್ರಿಕೆಯಲ್ಲಿ ಬರುತ್ತದೆ, ಉರಿ ಹಾಕುವವರ ಕಣ್ಣಿನ ಸುದ್ದಿ ಬರುವುದಿಲ್ಲ. ವಾರಾಂತ್ಯದ ಮನೆಗಳಲ್ಲೂ ಇದೇ ಏರ್ಪಾಡು ಮುಂದುವರಿದಿದೆ. ಅಂಥ ಒಂದು ತೋಟದ ಮನೆಗೆ ನಾನು ಸ್ನೇಹಿತರ ಜೊತೆ ಹೋಗಿದ್ದೆ. ಹೆಸರು ಬೇಡ. ಮುಂದೆ ಹುಲ್ಲುಹಾಸಿನ ನಡುವೆ ಕೆತ್ತಿದ ಕಲ್ಲಿನ ಫೈರ್‌ಪಿಟ್. ಕೈ ತೊಳೆಯಲು ಹಿಂದಕ್ಕೆ ಹೋದರೆ ತಗಡಿನ ಶೆಡ್, ಅದರಲ್ಲಿ ಮೂರು ಕಲ್ಲು. ‘ಸೌದೆ ಒಲೆಯ ನಾಟಿ ಊಟ’ ಅಲ್ಲಿ ತಯಾರಾಗುತ್ತಿತ್ತು. ಅಡುಗೆ ಮಾಡುವ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಬಡಿಸಿದರು. ನಾವು ‘ಅಕ್ಕಾ, ಇನ್ನೊಂದು ಮುದ್ದೆ’ ಎಂದು ಪ್ರೀತಿಯಿಂದಲೇ ಕೇಳಿದೆವು. ಅಕ್ಕ ಎಂದು ಕರೆಯುವುದಕ್ಕೆ ದುಡ್ಡು ಬೀಳುವುದಿಲ್ಲ, ಆ ಶೆಡ್ಡಿಗೆ ಹೊಗೆ ಕೊಳವೆ ಹಾಕಿಸಲು ಬೀಳುತ್ತದೆ.

ಇವರಿಗೆ ಇದರಿಂದಲೇ ಕೆಲಸ ಸಿಕ್ಕಿದೆಯಲ್ಲ ಎಂಬ ಪ್ರಶ್ನೆ ಬರುತ್ತದೆ. ಸಿಕ್ಕಿದೆ, ಸಿಗಲಿ. ಸಂಬಳಕ್ಕೆ ದುಡಿಯುವವರಿಗೆ ಉಸಿರಾಡುವ ಹಕ್ಕು ಇರುವುದಿಲ್ಲ ಎಂದು ಯಾವ ಕಾನೂನಿನಲ್ಲಿದೆ? ಹಾಗಾದರೆ ಸಂತೋಷವಾಗಿ ಬೆಂಕಿಯ ಸುತ್ತ ಕೂರುವುದೂ ಪಾಪವೇ ಎಂಬ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಖಂಡಿತ ಪಾಪವಲ್ಲ. ಚಳಿಗಾಲದಲ್ಲಿ ಬೆಂಕಿಯ ಸುತ್ತ ಕೂತು ಮಾತಾಡುವ ಸುಖ ನಮ್ಮ ಹಳ್ಳಿಗಳಿಗೆ ಯಾವತ್ತೂ ಗೊತ್ತು. ಕಣ ಕಾಯುವವರು, ಕುರಿ ಕಾಯುವವರು ಬೆಂಕಿಯ ಮುಂದೆ ಎಷ್ಟು ಕತೆ ಹೇಳಿದ್ದಾರೆ. ಆ ಸುಖವನ್ನು ಹಿತ್ತಿಲಿಗೆ ತರಬೇಕೆನ್ನುವವರು ಮೊದಲು ಹಿತ್ತಿಲಲ್ಲಿ ಆಗಲೇ ಉರಿಯುತ್ತಿರುವ ಬೆಂಕಿಯ ಕಡೆ ಒಮ್ಮೆ ತಿರುಗಿ ನೋಡಬೇಕು ಎಂಬಷ್ಟೇ ನನ್ನ ಬೇಡಿಕೆ.

ಬೇಡಿಕೆಯನ್ನು ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಹಂಡೆ ಒಲೆ ಇದ್ದರೆ ಫೈರ್‌ಪಿಟ್ಟಿಗೆ ಮೊದಲು ಅದಕ್ಕೆ ಜಾಲರಿ, ಮುಚ್ಚಿದ ಗೂಡು, ಸೂರಿನ ಮೇಲಕ್ಕೇರುವ ಕೊಳವೆ ಹಾಕಿಸಿ. ಒಲೆಯನ್ನು ನಿಂತು ಉರಿಸುವಷ್ಟು ಎತ್ತರಕ್ಕೆ ಕಟ್ಟಿಸಿ, ಕುಕ್ಕರಗಾಲಲ್ಲಿ ಕೂತು ಮಂಡಿ ಸವೆಸುವುದು ಪರಂಪರೆಯ ರಕ್ಷಣೆಯಲ್ಲ. ಸೂರಿನ ಮೇಲೆ ಜಾಗವಿದ್ದರೆ ಸ್ನಾನದ ನೀರನ್ನು ಸೋಲಾರ್‌ಗೆ ಬಿಡಿ, ಬಯಲುಸೀಮೆಯ ಬಿಸಿಲು ಅದಕ್ಕೆ ಸಾಕು. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರು ಹಿಂದಿನ ಮೂರಡಿ ಜಾಗದಲ್ಲಿ ಬೆಂಕಿ ಹಾಕುವ ಮುನ್ನ ಪಕ್ಕದ ಮನೆಯ ಕಿಟಕಿ ಎಲ್ಲಿದೆ, ಅದರ ಹಿಂದೆ ಮಲಗುವವರು ಯಾರು ಎಂದು ನೋಡಿ. ಮಳೆ ಬಂತೆಂದು ಕೆಂಡದ ತಟ್ಟೆಯನ್ನು ಮುಚ್ಚಿದ ಕೋಣೆಗೆ ತರಬೇಡಿ. ಇದ್ದಿಲು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ವಾರಾಂತ್ಯದ ಮನೆ ನಡೆಸುವವರು ಅತಿಥಿಗಳ ಬೆಂಕಿಗೆ ಕಲ್ಲು ಕೆತ್ತಿಸುವ ಮೊದಲು ಅಡುಗೆಯವರ ಶೆಡ್ಡಿಗೆ ಹೊಗೆ ಹೋಗುವ ದಾರಿ ಮಾಡಲಿ. ಊಟಕ್ಕೆ ಹೋದ ನಾವು ಮೆನು ಕೇಳುವಾಗಲೇ ಆ ಶೆಡ್ ತೋರಿಸಿ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳೋಣ. ನಾಲ್ಕು ಜನ ಗಿರಾಕಿಗಳು ಕೇಳಿದರೆ ಐದನೆಯವರು ಬರುವಷ್ಟರಲ್ಲಿ ಕೊಳವೆ ಬಂದಿರುತ್ತದೆ.

ಬರೆಯುವ ನಮಗೂ ಒಂದು ಕೆಲಸವಿದೆ. ಮುಂದಿನ ಸಲ ಸೌದೆ ಒಲೆಯ ಬಗ್ಗೆ ಬರೆಯುವಾಗ ಅದನ್ನು ಹೊತ್ತಿಸಿದವರ ಕಡೆಯಿಂದ ಶುರು ಮಾಡೋಣ. ಅವರು ಎಷ್ಟಕ್ಕೆ ಎದ್ದರು, ಸೌದೆ ಎಲ್ಲಿಂದ ಬಂತು, ಹಸಿಯಿತ್ತೋ ಒಣಗಿತ್ತೋ, ಕಣ್ಣಿನ ಡಾಕ್ಟರು ಏನೆಂದರು ಎಂದು ಕೇಳೋಣ. ರುಚಿಯ ಮಾತು ಆಮೇಲೆ ಬರಲಿ. ಹೊಗೆಯಿಲ್ಲದ ಒಲೆಯಲ್ಲಿ ಬೆಂದ ಮುದ್ದೆಗೆ ರುಚಿ ಕಡಿಮೆ ಎಂದು ತೀರ್ಪು ಕೊಡುವ ಹಕ್ಕು ಇಷ್ಟು ವರ್ಷ ಉಣ್ಣುವವರ ಕೈಯಲ್ಲೇ ಇತ್ತು. ಇನ್ನು ಮುಂದೆ ತೊಳೆಸುವವರನ್ನು ಕೇಳೋಣ.

ಉಂಗ್ರದಿಂದ ಹೆದ್ದಾರಿಯ ಬದಿಯ ಫೈರ್‌ಪಿಟ್ಟುಗಳಿಗೆ ಬಹಳ ದೂರವಿಲ್ಲ, ಎಲ್ಲವೂ ಒಂದೇ ತಾಲ್ಲೂಕು. ಹೊಗೆಯನ್ನು ಸೂರಿನ ಮೇಲಕ್ಕೆ ಕಳಿಸುವುದು ಹೇಗೆಂದು ಆ ತಾಲ್ಲೂಕಿಗೆ ನಲವತ್ತು ವರ್ಷಗಳಿಂದ ಗೊತ್ತಿದೆ. ಗ್ರಾನೈಟಿಗೆ ಸಿಕ್ಕ ದುಡ್ಡು ಕೊಳವೆಗೆ ಸಿಗಲಿಲ್ಲವೆಂದರೆ ಅದನ್ನು ಬಡತನ ಎಂದು ಕರೆಯಲು ನನಗೆ ಮನಸ್ಸಿಲ್ಲ.